ತಡವಾಗಿ ಬರುತ್ತಿದ್ದ ಆಮೆನ್

ಮೊದಲೇ ಒಂದು ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ. ಒಂದೂ ಮುಕ್ಕಾಲು ವರ್ಷ ನಾನು ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ಮುಚ್ಚಲಿಲ್ಲ. ಸರಿಯಾಗಿ ಹೇಳಬೇಕಾದರೆ 1978ರ ಜೂನ್ ನಾಲ್ಕರಿಂದ 1980ರ ಫೆಬ್ರುವರಿ ಇಪ್ಪತ್ತನಾಲ್ಕರವರೆಗೆ. ಎಲ್ಲವನ್ನೂ ಸರಿಯಾಗಿ ಹೇಳುವುದು ನನಗಿರುವ ಒಂದು ರೋಗ. ಅದು ಬೇರೆಯವರಿಗೆ ತಗಲುವುದಿಲ್ಲ, ಆದರೆ ಅವರನ್ನು ಬಾಧಿಸುತ್ತದೆ.

ಭಕ್ತಿ ಕಡಿಮೆಯಾಗಿ ಹಾಗೆ ಮಾಡಿದ್ದಲ್ಲ. ಕಾಪುವಿನ ದೀಪಸ್ತಂಭದಿಂದ ಸ್ವಲ್ಪ ಈಚೆಗೆ, ಮರಳು ನೆಲದ ಮೇಲೆ, ನಮ್ಮದೊಂದು ಪುಟ್ಟ ಚರ್ಚು ಇದೆ. ಪ್ರತಿ ಭಾನುವಾರ ಆರಾಧನೆಗೆ ಎಷ್ಟು ಜನ ಬಂದರು ಎಂದು ಎಣಿಸಿ ಹಾಜರಿ ಪುಸ್ತಕದಲ್ಲಿ ಬರೆಯುವ ಕೆಲಸ ಆಗ ನನ್ನ ಪಾಲಿಗೆ ಬಂದಿತ್ತು. ತಲೆ ಎಣಿಸುವುದು ಸುಲಭವೆಂದು, ಎಂದೂ ಎಣಿಸದವರು ತಿಳಿದಿರುತ್ತಾರೆ. ಹಾಡುವಾಗ ಎಣಿಸಹೊರಟರೆ ಎತ್ತರದವರ ಹಿಂದೆ ಕುಳ್ಳರು ಮರೆಯಾಗುತ್ತಾರೆ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಪ್ರಸಂಗ ಮಾಡುವಾಗ ಮಕ್ಕಳು ಬೆಂಚಿನ ಅಡಿಯಿಂದ ನುಸುಳಿ ಎರಡೆರಡು ಸಲ ಲೆಕ್ಕಕ್ಕೆ ಸಿಗುತ್ತಾರೆ. ದೊಡ್ಡವರು ತೂಕಡಿಸುತ್ತ ಜಾರಿ ಲೆಕ್ಕದಿಂದ ಕೆಳಗಿಳಿಯುತ್ತಾರೆ. ಎಲ್ಲ ತಲೆಗಳೂ ತಂತಮ್ಮ ಜಾಗದಲ್ಲಿ ಅಲುಗಾಡದೆ ಇರುವುದು ಪ್ರಾರ್ಥನೆಯಲ್ಲಿ ಮಾತ್ರ. ಆಗ ನಾನು ಕೊನೆಯ ಬೆಂಚಿನಲ್ಲಿ ನಿಂತು ಕಣ್ಣು ತೆರೆದುಕೊಂಡು ಎಡದಿಂದ ಬಲಕ್ಕೆ ಹೋಗಿ, ಮತ್ತೆ ಬಲದಿಂದ ಎಡಕ್ಕೆ ಬಂದು ತಾಳೆ ನೋಡುತ್ತಿದ್ದೆ.

ಕಣ್ಣು ಮುಚ್ಚಿದ ಅಷ್ಟು ಜನರನ್ನು ಅಷ್ಟು ಹೊತ್ತು ನೋಡುವ ಅವಕಾಶ ದೇವರನ್ನು ಬಿಟ್ಟರೆ ನನಗೇ ಸಿಕ್ಕಿದ್ದು. ನಾನು ಎಣಿಸಿದೆ, ನೋಡಲಿಲ್ಲ. ಯಾರ ತುಟಿ ನಡುಗುತ್ತಿತ್ತು, ಯಾರ ಕೈ ಬೆಂಚಿನ ಅಂಚನ್ನು ಬಿಗಿಹಿಡಿದಿತ್ತು ಎಂಬುದು ಈಗ ಕೇಳಿದರೆ ನೆನಪಿಲ್ಲ. ಆ ದಿನಗಳ ಸಂಖ್ಯೆಗಳು ಮಾತ್ರ ಕಂಠಪಾಠ.

ನಮ್ಮ ಅಜ್ಜಂದಿರು ಜರ್ಮನಿಯಿಂದ ಬಂದ ಮಿಷನರಿಗಳ ಕೈಕೆಳಗೆ ಮಗ್ಗದ ಕೆಲಸ ಕಲಿತರು ಎನ್ನುತ್ತಾರೆ. ಮಗ್ಗ ನಮ್ಮ ಮನೆಯಿಂದ ಯಾವಾಗಲೋ ಹೋಯಿತು. ಎಲ್ಲವನ್ನೂ ಬರೆದಿಡುವ ಚಟ ಉಳಿಯಿತು. ನನ್ನ ತಂದೆ ಕೋಳಿ ಮೊಟ್ಟೆಯಿಟ್ಟ ತಾರೀಕು ಗೋಡೆಯ ಮೇಲೆ ಬರೆಯುತ್ತಿದ್ದರು. ನಾನು ಹತ್ತೊಂಬತ್ತನೆಯ ವಯಸ್ಸಿಗೆ ಮಣಿಪಾಲದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗುವ ಹೊತ್ತಿಗೆ ಆರು ದಿನಚರಿ ಪುಸ್ತಕಗಳನ್ನು ಮುಗಿಸಿದ್ದೆ. ಬಸ್ಸು ಬಂದ ಹೊತ್ತು, ಮಳೆ ಹಿಡಿದ ದಿನ, ಅಮ್ಮ ಎಷ್ಟು ಸಲ ಬೈದರೆಂಬುದು, ಎಲ್ಲವೂ ಅದರಲ್ಲಿದೆ. ಅಮ್ಮ ಬೈಯುತ್ತಿದ್ದದ್ದು ತುಳುವಿನಲ್ಲಿ, ಪ್ರಾರ್ಥನೆ ಮಾಡುತ್ತಿದ್ದದ್ದು ಕನ್ನಡದಲ್ಲಿ. ದೇವರಿಗೆ ತುಳು ಬಾರದೆಂದು ಚಿಕ್ಕಂದಿನಲ್ಲಿ ತಿಳಿದಿದ್ದೆ.

ಹಾಜರಿ ಪುಸ್ತಕ ನನಗಿಂತ ಮೊದಲು ಸಾಲು ಮಾಮನ ಬಳಿ ಇತ್ತು. ಸಾಲೊಮನ್ ಎಂಬುದು ಹೆಸರು. ಚರ್ಚಿನ ಹಿರಿಯರು, ಘಂಟೆ ಬಾರಿಸುವವರೂ ಅವರೇ. ಕಣ್ಣಿಗೆ ಪೊರೆ ಬಂದದ್ದರಿಂದ ಪುಸ್ತಕವನ್ನು ನನಗೆ ಒಪ್ಪಿಸಿದರು. ತೆರೆದು ನೋಡಿದರೆ ಪ್ರತಿ ಭಾನುವಾರವೂ ನಲವತ್ತು, ನಲವತ್ತೆರಡು, ನಲವತ್ತು. ನಾನು ಮೊದಲ ದಿನ ಎಣಿಸಿದಾಗ ಇದ್ದದ್ದು ಇಪ್ಪತ್ತೇಳು. ಮಾಮನನ್ನು ಕೇಳಿದೆ. ಅವರು ಸ್ವಲ್ಪವೂ ಮುಜುಗರಪಡಲಿಲ್ಲ.

“ನಮ್ಮ ಬೆನ್ನಿ ಬೊಂಬಾಯಿಯಲ್ಲಿ ಹೋಟೆಲಿನಲ್ಲಿ ಇದ್ದಾನಲ್ಲ, ಭಾನುವಾರ ಬೆಳಿಗ್ಗೆ ಆದ್ರೆ ಇಲ್ಲಿಯದ್ದೇ ನೆನಪು ಅಂತ ಕಾಗದ ಬರೆದಿದ್ದಾನೆ. ಅದು ಬಂದ ಹಾಗೆಯೇ ಅಲ್ವಾ?”

“ಹಾಗಾದ್ರೆ ತೀರಿಹೋದವರನ್ನೂ ಹಾಕಿ ಮಾಮ.”

“ಹಾಕಬೇಕು ಅಂತ ಉಂಟು. ಪುಸ್ತಕದಲ್ಲಿ ಜಾಗ ಸಾಲುವುದಿಲ್ಲ.”

ಆ ರಾತ್ರಿ ನನ್ನ ದಿನಚರಿಯ ಮೊದಲ ಹಾಳೆಯಲ್ಲಿ ನಿಯಮ ಬರೆದೆ. ಎರಡನೆಯ ಹಾಡು ಮುಗಿಯುವುದರೊಳಗೆ ಬಂದವರನ್ನು ಮಾತ್ರ ಎಣಿಸುವುದು. ಬಾಗಿಲ ಒಳಗಿರುವವರನ್ನು ಮಾತ್ರ ಎಣಿಸುವುದು. ಇಂಥ ನಿಯಮ ಮಾಡೆಂದು ನನಗೆ ಯಾರೂ ಹೇಳಿರಲಿಲ್ಲ. ಎಣಿಸುವವರು ತಮ್ಮನ್ನೇ ಮರೆತು ಒಬ್ಬ ಕಡಿಮೆಯೆಂದು ಅತ್ತ ಶಿಷ್ಯರ ಕತೆ ನಿಮಗೆ ಗೊತ್ತಿರಬಹುದು. ನಾನು ಅಷ್ಟು ಮೂರ್ಖಳಲ್ಲ. ಪ್ರತಿ ಭಾನುವಾರ ಮೊದಲು ನನ್ನನ್ನೇ ಎಣಿಸಿಕೊಳ್ಳುತ್ತಿದ್ದೆ. ಒಂದು, ನಾನು. ಎರಡು, ನನ್ನ ಅಮ್ಮ. ಹೀಗೆ.

ಇನ್ನು ಮಾರ್ತಜ್ಜಿಯ ವಿಷಯ. ಚರ್ಚಿನ ಪೂರ್ವದ ಗೋಡೆಯ ಆಚೆಗೆ ಅವರ ಮನೆ. ಸೊಂಟ ಮುರಿದು ಮೂರು ವರ್ಷದಿಂದ ಮಂಚ ಹಿಡಿದಿದ್ದರು. ಸೊಸೆ ಲೀಲಕ್ಕ ಶಂಕರಪುರದವರು, ತವರಿನಿಂದ ಬಂದ ಮಲ್ಲಿಗೆ ಕಟ್ಟುತ್ತ ಅಜ್ಜಿಯ ಮಂಚದ ಪಕ್ಕದಲ್ಲೇ ಕುಳಿತಿರುತ್ತಿದ್ದರು. ಅಜ್ಜಿಯ ಕಿಟಕಿಗೆ ಎದುರಾಗಿ ಚರ್ಚಿನ ಕಿಟಕಿ. ಆರಾಧನೆಯ ಹೊತ್ತಿಗೆ ಸಾಲು ಮಾಮ ಅದನ್ನು ಪೂರ್ತಿ ತೆರೆದಿಡುತ್ತಿದ್ದರು. ಜೋರು ಮಳೆಯಲ್ಲೂ ಮುಚ್ಚಲು ಬಿಡುತ್ತಿರಲಿಲ್ಲ. ಆ ಕಿಟಕಿಯ ಕೆಳಗಿನ ಬೆಂಚು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯಾಗಿಯೇ ಇರುತ್ತಿತ್ತು. ನಮ್ಮ ಹಾಡು, ಪ್ರಾರ್ಥನೆ, ಅಯ್ಯನವರ ಕೆಮ್ಮು ಎಲ್ಲವೂ ಅಜ್ಜಿಗೆ ಕೇಳಿಸುತ್ತಿತ್ತು. ಕೊನೆಯ ಪ್ರಾರ್ಥನೆಯನ್ನು ಅವರು ನಮ್ಮ ಜೊತೆಯಲ್ಲೇ ಹೇಳುತ್ತಿದ್ದರು, ಆದರೆ ತಮ್ಮದೇ ನಡಿಗೆಯಲ್ಲಿ. ನಾವು ಆಮೆನ್ ಎಂದು ಮುಗಿಸಿದ ಮೇಲೆ, ಗೋಡೆಯ ಆಚೆಯಿಂದ, ತೆಳ್ಳಗೆ, ಇನ್ನೊಂದು ಆಮೆನ್ ಬರುತ್ತಿತ್ತು.

ಅದು ಬರುವವರೆಗೆ ನಮ್ಮಲ್ಲಿ ಯಾರೂ ಕುಳಿತುಕೊಳ್ಳುತ್ತಿರಲಿಲ್ಲ. ಯಾವಾಗ ಶುರುವಾಯಿತೋ ಗೊತ್ತಿಲ್ಲ, ಯಾರೂ ಹೇಳಿಕೊಟ್ಟದ್ದಲ್ಲ. ಹೊರಗಿನವರು ಬಂದರೆ ನಮ್ಮ ಆಮೆನ್‌ಗೇ ದಡಕ್ಕನೆ ಕುಳಿತು, ಸುತ್ತಲೂ ನಿಂತಿರುವ ಕಾಲುಗಳನ್ನು ನೋಡಿ ಗಾಬರಿಯಿಂದ ಮತ್ತೆ ಏಳುತ್ತಿದ್ದರು. ಕೈಗಡಿಯಾರದಲ್ಲಿ ನೋಡಿದ್ದೇನೆ: ಬೇಸಿಗೆಯಲ್ಲಿ ನಾಲ್ಕು ಸೆಕೆಂಡು, ಮಳೆಗಾಲದಲ್ಲಿ ಆರು. ದಿನಚರಿಯಲ್ಲಿ ಅದೂ ಇದೆ. ಹಾಜರಿ ಪುಸ್ತಕದಲ್ಲಿ ಇಲ್ಲ. ಅಜ್ಜಿ ಬಾಗಿಲ ಒಳಗಿರಲಿಲ್ಲ.

1979ರ ಡಿಸೆಂಬರಿನಲ್ಲಿ ಮೇಲಿನ ಸಮಿತಿಯಿಂದ ಒಂದು ಸುತ್ತೋಲೆ ಬಂತು. ಒಬ್ಬರೇ ಅಯ್ಯನವರು ಮೂರು ಊರುಗಳನ್ನು ನೋಡಿಕೊಳ್ಳುತ್ತಿದ್ದ ಕಾಲ. ಕಾರ್ಕಳದ ಕಡೆ ಜನ ಹೆಚ್ಚಾಗುತ್ತಿದ್ದರು, ಅಲ್ಲಿಗೆ ಪ್ರತಿ ವಾರ ಅಯ್ಯನವರು ಬೇಕಾಗಿತ್ತು. ಆದ್ದರಿಂದ ವರ್ಷದ ಸರಾಸರಿ ಹಾಜರಿ ಮೂವತ್ತಕ್ಕಿಂತ ಕಡಿಮೆ ಇರುವ ಕಡೆ ಇನ್ನು ತಿಂಗಳಿಗೊಂದೇ ಆರಾಧನೆ ಎಂದು ಅದರಲ್ಲಿತ್ತು. ಸಮಿತಿಯವರು ಕೆಟ್ಟವರಲ್ಲ. ಸಾಲು ಮಾಮನ ನಲವತ್ತನ್ನೂ ನನ್ನ ಇಪ್ಪತ್ತೊಂಬತ್ತನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರು ಯಾರೇ ಆದರೂ ಕಾಪುವಿನಲ್ಲಿ ಭಕ್ತಿಗೆ ಗೆದ್ದಲು ಹಿಡಿದಿದೆಯೆಂದೇ ತಿಳಿಯುತ್ತಿದ್ದರು. ಗೆದ್ದಲು ನಾನೇ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಸುತ್ತೋಲೆ ಬಂದ ವಾರ ಸಾಲು ಮಾಮ ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಕುಳಿತು ಚಾ ಕುಡಿದು ಲೋಟ ಕೆಳಗಿಟ್ಟು ಹೇಳಿದರು.

“ಸುಗುಣಾ, ಮಾರ್ತಕ್ಕನನ್ನು ಪುಸ್ತಕಕ್ಕೆ ಹಾಕ್ತೀಯಾ?”

“ಅವರು ಬರುವುದಿಲ್ಲವಲ್ಲ ಮಾಮ.”

“ಆಮೆನ್ ಬರ್ತದಲ್ಲ ಮಾರಾಯ್ತಿ.”

“ಆಮೆನ್‌ಗೆ ತಲೆ ಇಲ್ಲ ಮಾಮ. ನಾನು ಎಣಿಸುವುದು ತಲೆ.”

“ನಿನಗೆ ಒಂದು ಉಂಟಲ್ಲ. ಅದನ್ನು ಸ್ವಲ್ಪ ಉಪಯೋಗಿಸು. ಆ ಮುದುಕಿಗೆ ವಾರದಲ್ಲಿ ಇರುವುದು ಇದೊಂದು. ಇದು ಹೋದ್ರೆ ಅವಳಿಗೆ ಎಂತ ಉಂಟು?”

“ದೇವರ ಮನೆಯ ಪುಸ್ತಕದಲ್ಲಿ ಸುಳ್ಳು ಬರೆಯಬೇಕಾ?”

“ದೇವರ ಮನೆಯ ಪುಸ್ತಕ ಅಲ್ಲ ಅದು. ಸಮಿತಿಯ ಪುಸ್ತಕ.”

ನಾನು ಒಪ್ಪಲಿಲ್ಲ. ಮಾಮ ಚಪ್ಪಲಿ ಹುಡುಕಿಕೊಂಡು ಹೊರಟರು. ಪೊರೆಯ ಕಣ್ಣಿಗೆ ಒಂದು ಸಿಗಲಿಲ್ಲ, ನಾನೇ ತೆಗೆದುಕೊಟ್ಟೆ. ಆ ದಿನದ ದಿನಚರಿಯಲ್ಲಿ “ಪ್ರಲೋಭನೆಗೆ ಒಳಗಾಗಲಿಲ್ಲ” ಎಂದು ಬರೆದಿದ್ದೇನೆ. ಅಡಿಗೆರೆ ಕೂಡ ಎಳೆದಿದ್ದೇನೆ, ಸ್ಕೇಲ್ ಇಟ್ಟು.

ಡಿಸೆಂಬರ್ ಮೂವತ್ತರ ಭಾನುವಾರ ಸಂಜೆ ಒಟ್ಟು ಹಾಕಿದೆ. ಐವತ್ತೆರಡು ಭಾನುವಾರಗಳಿಗೆ ಸಾವಿರದ ಐನೂರ ಇಪ್ಪತ್ತೊಂದು. ಭಾಗಿಸಿದರೆ ಇಪ್ಪತ್ತೊಂಬತ್ತೂ ಕಾಲು. ಮೂವತ್ತಕ್ಕೆ ಇಷ್ಟು ಹತ್ತಿರ ಬಂದದ್ದನ್ನು ನೋಡಿ ಯಾರಾದರೂ ರಿಯಾಯಿತಿ ತೋರಿಸದೆ ಇರುತ್ತಾರೆಯೇ ಎಂದುಕೊಂಡೆ. ಮಾಮನಿಗೆ ತೋರಿಸಿದೆ. ಅವರು ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. “ಈ ಕಾಲು ಯಾರದ್ದು? ಎಡದ್ದಾ, ಬಲದ್ದಾ?” ಎಂದು ಕೇಳಿ, ಮಡಚಿ ಕೊಟ್ಟರು. ಅಜ್ಜಿಯೊಬ್ಬರನ್ನು ಸೇರಿಸಿದ್ದರೆ ಮೂವತ್ತೂ ಕಾಲು ಆಗುತ್ತಿತ್ತು. ಇದನ್ನು ಆ ಸಂಜೆಯೇ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಮಾಡಿ ನೋಡಿದ್ದೆ. ಮಾಡಿ ನೋಡಿ, ರಬ್ಬರಿನಿಂದ ಅಳಿಸಿದೆ.

ಎಣಿಕೆಯ ವಿಷಯದಲ್ಲಿ ದೇವರ ಅಭಿಪ್ರಾಯವೇನೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ತನ್ನ ರಾಜ್ಯದ ಜನರನ್ನೆಲ್ಲ ಎಣಿಸಿದ ಹಳೆಯ ಕಾಲದ ಒಬ್ಬ ಅರಸನ ಮೇಲೆ ದೇವರು ಸಿಟ್ಟಾದ ಕತೆಯನ್ನು ನಾವು ಭಾನುವಾರದ ಶಾಲೆಯಲ್ಲೇ ಕೇಳಿದ್ದೆವು. ಎಣಿಸಿದ್ದರಲ್ಲಿ ಅಂಥ ತಪ್ಪೇನೆಂದು ಆಗ ನನಗೆ ತಿಳಿದಿರಲಿಲ್ಲ. ರೊಟ್ಟಿ ಹಂಚಿ ಐದು ಸಾವಿರ ಗಂಡಸರಿಗೆ ಉಣಿಸಿದ ಕತೆಯಲ್ಲಿ ಹೆಂಗಸರೂ ಮಕ್ಕಳೂ ಲೆಕ್ಕಕ್ಕೇ ಇಲ್ಲ. ಅಲ್ಲಿಯೂ ನನ್ನಂಥವರು ಯಾರೋ ನಿಯಮ ಬರೆದುಕೊಂಡು ನಿಂತಿದ್ದಿರಬೇಕು. ಆದರೆ ರೊಟ್ಟಿ ಅವರಿಗೂ ಸಿಕ್ಕಿರಬೇಕಲ್ಲ. ಹಂಚಿದವನು ಪಟ್ಟಿ ನೋಡಿ ಹಂಚಿದಂತೆ ಕಾಣುವುದಿಲ್ಲ. ಲೀಲಕ್ಕನಿಗೆ ಇದೆಲ್ಲ ಬೇಕಾಗಿಯೇ ಇರಲಿಲ್ಲ. ಒಂದು ಚೆಂಡು ಮಲ್ಲಿಗೆಗೆ ಎಷ್ಟು ಮೊಗ್ಗು ಎಂದು ನಾನೊಮ್ಮೆ ಕೇಳಿದಾಗ ಅವರು ಬಾಳೆನಾರು ಹಲ್ಲಿನಲ್ಲಿ ಕಚ್ಚಿಕೊಂಡೇ ಹೇಳಿದ್ದರು, “ಎಣಿಸ್ತಾ ಕೂತ್ರೆ ಹೂ ಬಾಡ್ತದೆ. ಬೆರಳಿಗೆ ಗೊತ್ತುಂಟು.”

ಸಮಿತಿ ರಿಯಾಯಿತಿ ತೋರಿಸಲಿಲ್ಲ. ಮಾರ್ಚಿನಿಂದ ತಿಂಗಳ ಮೊದಲ ಭಾನುವಾರ ಮಾತ್ರ ಆರಾಧನೆ ಎಂದಾಯಿತು, ತಲೆ ಎಣಿಸುವ ಕೆಲಸವೂ ಅಲ್ಲಿಗೆ ನಿಂತಿತು. ಉಳಿದ ಭಾನುವಾರ ಚರ್ಚಿಗೆ ಬೀಗ. ಕೈಕಾಲು ಗಟ್ಟಿಯಿದ್ದವರು ಉಡುಪಿಯ ದೊಡ್ಡ ಚರ್ಚಿಗೆ ಬಸ್ಸು ಹತ್ತಿದರು. ಮಾರ್ಚ್ ಒಂಬತ್ತರಂದು ಮೊದಲ ಸಲ ಘಂಟೆ ಬಾರಿಸಲಿಲ್ಲ. ನಾನು ಬಸ್ಸಿಗೆಂದು ಹೊರಟವಳು ಚರ್ಚಿನೆದುರಿನ ಗೂಡಂಗಡಿಯ ಇಬ್ರಾಯಿ ಬ್ಯಾರಿಗಳ ಕಣ್ಣಿಗೆ ಬಿದ್ದೆ. ಆರಾಧನೆಯ ಹೊತ್ತಿಗೆ ತಮ್ಮ ರೇಡಿಯೋ ಬಂದ್ ಮಾಡುತ್ತಿದ್ದವರು ಅವರು. ಆ ದಿನ ರೇಡಿಯೋದ ಕಿವಿ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ಕುಳಿತಿದ್ದರು.

“ಎಂತ ಸುಗುಣಕ್ಕ, ಘಂಟೆಗೆ ಹುಷಾರಿಲ್ವಾ?”

ಜನ ಕಡಿಮೆಯಾದದ್ದರಿಂದ ಎಂದು ವಿವರಿಸಿದೆ. ಸರಾಸರಿಯನ್ನೂ ಹೇಳಿದೆ. ಅವರು ಬೀಡಿ ಕಟ್ಟನ್ನು ಸರಿಮಾಡುತ್ತ ಕೇಳಿದರು.

“ನಮ್ಮ ಪಳ್ಳಿಯಲ್ಲಿ ಕೆಲವು ಸಲ ನಮಾಜಿಗೆ ಬಾಂಗ್ ಕೊಡುವವನು ಒಬ್ಬನೇ ಇರ್ತಾನೆ. ಒಬ್ಬನೇ ಅಂತ ಕೊಡದೆ ಇರ್ತಾನಾ?”

ಬಸ್ಸು ಬಂತು, ನಾನು ಹತ್ತಲಿಲ್ಲ. ಅಜ್ಜಿಯ ಮನೆಗೆ ಹೋದೆ. ಅಜ್ಜಿ ದಿಂಬಿಗೊರಗಿ, ತಲೆ ಬಾಚಿಸಿಕೊಂಡು, ಕಿಟಕಿಯ ಕಡೆ ಮುಖಮಾಡಿ ಕಾಯುತ್ತಿದ್ದರು. ಲೀಲಕ್ಕ ಅವರಿಗೆ ವಿಷಯ ಹೇಳಿರಲಿಲ್ಲ. ಹೇಳಲಿಕ್ಕೆ ಬಾಯಿ ಬರುವುದಿಲ್ಲ ಎಂದು ನನಗೆ ಕೈಸನ್ನೆ ಮಾಡಿದರು. “ಘಂಟೆ ಯಾಕೆ ಆಗ್ಲಿಲ್ಲ ಮಗಾ?” ಎಂದು ಅಜ್ಜಿ ಕೇಳಿದಾಗ ನನ್ನ ಬಾಯಿಂದ ತಾನಾಗಿ ಬಂತು: “ಅಯ್ಯನವರ ಬಸ್ಸು ಕಟಪಾಡಿಯಲ್ಲಿ ಹಾಳಾಯ್ತು ಅಜ್ಜಿ. ಎಂಟು ಗಂಟೆ ಹತ್ತು ನಿಮಿಷಕ್ಕೆ.”

ಒಂದು ಸಣ್ಣ ಸುಳ್ಳು ಬರೆಯಲು ಒಪ್ಪದವಳು ಅಲ್ಲಿಂದ ಮುಂದೆ ವಾರಕ್ಕೊಂದು ದೊಡ್ಡ ಸುಳ್ಳು ಹೇಳಿದೆ. ದಿನಚರಿಯಲ್ಲಿ ಅವುಗಳಿಗೆ ಬೇರೆಯೇ ಹಾಳೆ ಇದೆ, ಕ್ರಮಸಂಖ್ಯೆಯ ಸಹಿತ. ಮಾರ್ಚ್ ಹದಿನಾರು, ಅಯ್ಯನವರಿಗೆ ಜ್ವರ. ಇಪ್ಪತ್ತಮೂರು, ಘಂಟೆಯ ಹಗ್ಗ ತುಂಡಾಯಿತು. ಏಪ್ರಿಲಿನಲ್ಲಿ ಅಯ್ಯನವರ ದೂರದ ನೆಂಟರೊಬ್ಬರನ್ನು ಸಾಯಿಸಿದೆ. ಜೂನ್ ಬಂದ ಮೇಲೆ ಮಳೆಯ ಮೇಲೆ ಭಾರ ಹಾಕಿ ಸ್ವಲ್ಪ ಉಸಿರಾಡಿದೆ. ತಿಂಗಳ ಮೊದಲ ಭಾನುವಾರ ಘಂಟೆಯಾಗುತ್ತಿತ್ತು, ನಾವು ಆಮೆನ್ ಹೇಳಿ ನಿಲ್ಲುತ್ತಿದ್ದೆವು, ಅಜ್ಜಿಯ ಆಮೆನ್ ಬರುತ್ತಿತ್ತು. ಆ ಒಂದು ಆಮೆನ್‌ನ ಬಲದ ಮೇಲೆ ಮುಂದಿನ ಮೂರೋ ನಾಲ್ಕೋ ಸುಳ್ಳುಗಳನ್ನು ನಿಲ್ಲಿಸುತ್ತಿದ್ದೆ. ಜೂನ್ ಮುಗಿಯುವಾಗ ಒಟ್ಟು ಹದಿನಾಲ್ಕು.

ಹದಿನೈದನೆಯದು ಪೂರ್ತಿಯಾಗಲಿಲ್ಲ. ಜುಲೈ ಹದಿಮೂರರಂದು “ಅಜ್ಜೀ, ಇವತ್ತು ಅಯ್ಯನವರ ಬಸ್ಸು” ಎಂದು ಶುರುಮಾಡಿದ್ದೆ ಅಷ್ಟೆ.

“ಸಾಕು ಮಗಾ,” ಎಂದರು ಅಜ್ಜಿ. “ಆ ಬಸ್ಸಿಗೂ ಸ್ವಲ್ಪ ವಿಶ್ರಾಂತಿ ಕೊಡು. ಮೂರು ಸಲ ಹಾಳಾಯ್ತು ಅದು.”

ಲೀಲಕ್ಕನ ಕೈಯಲ್ಲಿ ಹೂವು ನಿಂತಿತು.

“ನಿನಗೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ. ಗಂಟೆ ನಿಮಿಷ ಸಮೇತ ಹೇಳ್ತೀ. ನಿಜ ಹೇಳುವವರು ಅಷ್ಟು ಸರಿಯಾಗಿ ಹೇಳುವುದಿಲ್ಲ. ಎಂತ ಆದದ್ದು ಹೇಳು.”

ಹೇಳಿದೆ. ಸುತ್ತೋಲೆ, ಮೂವತ್ತು, ಇಪ್ಪತ್ತೊಂಬತ್ತೂ ಕಾಲು. ಅಜ್ಜಿ ಕೇಳಿಸಿಕೊಂಡು, “ನನ್ನನ್ನು ಹಾಕಿದ್ದೀಯಾ?” ಎಂದು ಕೇಳಿದರು.

“ಇಲ್ಲ ಅಜ್ಜಿ.”

ಬೈಯುತ್ತಾರೆಂದು ಕಾದೆ, ತುಳುವಿನಲ್ಲಿ. ಅಜ್ಜಿ ಬೇರೆಯೇ ಏನೋ ಯೋಚಿಸುತ್ತಿದ್ದರು.

“ನಾನು ಇಲ್ಲಿ ಹೇಳಿದ್ದು ಅಲ್ಲಿಗೆ ಕೇಳ್ತಿತ್ತಾ?”

“ಕೇಳ್ತಿತ್ತಲ್ಲ ಅಜ್ಜಿ. ನಿಮ್ಮ ಆಮೆನ್ ಬರುವವರೆಗೆ ಯಾರೂ ಕೂತುಕೊಳ್ತಿರಲಿಲ್ಲ. ಎಲ್ಲರೂ ನಿಂತೇ ಇರ್ತಿದ್ದೆವು.”

“ನನಗಾಗಿ ನಿಂತಿರ್ತಿದ್ರಾ?” ಅಜ್ಜಿ ಕಿಟಕಿಯ ಕಡೆ ನೋಡಿದರು. ಆಚೆಯ ಕಿಟಕಿ ಮುಚ್ಚಿತ್ತು. “ಯಾರೂ ಹೇಳ್ಲೇ ಇಲ್ಲವಲ್ಲ. ಗೊತ್ತಿದ್ದರೆ ಸ್ವಲ್ಪ ಬೇಗ ಹೇಳ್ತಿದ್ದೆ. ಪಾಪ, ಸಾಲುವಿಗೆ ಮಂಡಿ ನೋವು ಬೇರೆ.”

ಅಷ್ಟು ವರ್ಷ ನಾವೆಲ್ಲ ಅವರಿಗಾಗಿ ನಿಂತಿದ್ದೆವು, ಮತ್ತು ನಮ್ಮಲ್ಲಿ ಒಬ್ಬರಿಗೂ ಗೋಡೆ ದಾಟಿ ಹೋಗಿ ಅದನ್ನು ಅವರಿಗೆ ಹೇಳಬೇಕೆಂದು ತೋಚಿರಲಿಲ್ಲ. ಸೆಕೆಂಡುಗಳನ್ನು ಬರೆದಿಟ್ಟಿದ್ದ ನನಗೂ ತೋಚಿರಲಿಲ್ಲ.

ಆ ದಿನ ಅಜ್ಜಿಯೇ ಸಾಲು ಮಾಮನನ್ನು ಕರೆಸಿದರು. ಅವರ ಕೋಣೆಯಲ್ಲೇ ಹಾಡಿದೆವು, ಪ್ರಾರ್ಥಿಸಿದೆವು. ಇದನ್ನು ಮಾರ್ಚಿನಲ್ಲೇ ಮಾಡಬಹುದಿತ್ತು. ಸುಳ್ಳು ಹೊಸೆಯುವುದರಲ್ಲಿ ಮುಳುಗಿದ್ದ ನಮಗೆ ಹೊಳೆಯಲಿಲ್ಲ. ಅಜ್ಜಿ, ಮಾಮ, ಲೀಲಕ್ಕ, ನಾನು. ಪ್ರಾರ್ಥನೆಯ ನಡುವೆ ಅಭ್ಯಾಸಬಲದಿಂದ ಕಣ್ಣು ತೆರೆದೆ. ಅಜ್ಜಿ ನನ್ನನ್ನೇ ನೋಡುತ್ತಿದ್ದರು. “ನಾಲ್ಕೇ ಜನ,” ಎಂದು ಮೆಲ್ಲಗೆ ಹೇಳಿದರು. “ಎಣಿಸಿ ಆಯ್ತು. ಕಣ್ಣು ಮುಚ್ಚು.”

ಹಾಗೆ ಐದು ಭಾನುವಾರ ನಡೆಯಿತು. ಆಗಸ್ಟ್ ಇಪ್ಪತ್ತೊಂದರ ಗುರುವಾರ ಅಜ್ಜಿ ತೀರಿಕೊಂಡರು.

ಶುಕ್ರವಾರ ಚರ್ಚಿನ ಬೀಗ ತೆಗೆದು ಮಾಮ ಘಂಟೆ ಬಾರಿಸಿದರು. ಉಡುಪಿಗೆ ಹೋಗುತ್ತಿದ್ದವರೆಲ್ಲ ಬಂದರು. ಮೀನು ಮಾರುವ ಹೆಂಗಸರು ಬುಟ್ಟಿಗಳನ್ನು ಗೇಟಿನ ಬಳಿ ಇಟ್ಟು ಬಂದರು, ಇಬ್ರಾಯಿ ಬ್ಯಾರಿಗಳು ಅಂಗಡಿ ಮುಚ್ಚಿ ಬಂದು ಕಿಟಕಿಯ ಹೊರಗೆ ನಿಂತರು. ಪೆಟ್ಟಿಗೆಯನ್ನು ಹೊತ್ತು ತಂದು ವೇದಿಕೆಯ ಮುಂದೆ ಇಟ್ಟರು. ಎರಡನೆಯ ಹಾಡು ಇನ್ನೂ ಮುಗಿದಿರಲಿಲ್ಲ. ನನ್ನ ನಿಯಮದ ಪ್ರಕಾರ ಅಜ್ಜಿ ಆ ದಿನ ಹೊತ್ತಿಗೆ ಸರಿಯಾಗಿ ಬಂದಿದ್ದರು, ಬಾಗಿಲ ಒಳಗಿದ್ದರು, ಎಣಿಸಬಹುದಾಗಿತ್ತು.

ಅಯ್ಯನವರು ಪ್ರಾರ್ಥನೆ ಮುಗಿಸಿದರು. ಎಲ್ಲರೂ ಆಮೆನ್ ಎಂದೆವು. ಎಂದು ನಿಂತೆವು. ಯಾರೂ ಹೇಳಿರಲಿಲ್ಲ, ಕಾಲುಗಳೇ ನಿಂತವು. ನಾಲ್ಕು ಸೆಕೆಂಡು ಕಳೆಯಿತು. ಮಳೆಗಾಲದ ಆರೂ ಕಳೆಯಿತು. ಗೋಡೆಯ ಆಚೆಯ ಕೋಣೆ ಖಾಲಿಯೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಮೊದಲು ಕುಳಿತುಕೊಳ್ಳುವವರು ಯಾರೆಂದು ಗೊತ್ತಿರಲಿಲ್ಲ. ಎಷ್ಟು ಹೊತ್ತು ನಿಂತೆವೆಂಬುದು ನನ್ನ ದಿನಚರಿಯಲ್ಲಿ ಇಲ್ಲ. ಕೊನೆಗೆ ಲೀಲಕ್ಕ ಕುಳಿತರು. ಆಮೇಲೆ ನಾವು.

ಹಾಜರಿ ಪುಸ್ತಕವನ್ನು ಮುಂದಿನ ವಾರ ಹಿಂದಿರುಗಿಸಿದೆ. ಪ್ರತಿ ಭಾನುವಾರ ಕಣ್ಣು ತೆರೆದು ನಿಂತ ನನ್ನನ್ನು ಒಂದು ಎಂದು ಬರೆದಿದ್ದೆ. ಕಣ್ಣು ಮುಚ್ಚಿ ಕೊನೆಯ ಮಾತನ್ನೂ ಬಿಡದೆ ಹೇಳಿದವರನ್ನು ಬಿಟ್ಟಿದ್ದೆ. ಲೆಕ್ಕದಲ್ಲಿ ಇದಕ್ಕೆ ತಪ್ಪು ಎನ್ನುವುದಿಲ್ಲ. ಕ್ರಮಬದ್ಧವಾಗಿಯೇ ಇತ್ತು. ಈಗಲೂ ಯಾರು ಬೇಕಾದರೂ ಕೂಡಿಸಿ ನೋಡಬಹುದು.

ಈಗ ನಾನು ಪರ್ಕಳದಲ್ಲಿ ಬಾಡಿಗೆ ಕೋಣೆಯಲ್ಲಿದ್ದೇನೆ, ಭಾನುವಾರ ಉಡುಪಿಯ ಚರ್ಚಿಗೆ ಹೋಗುತ್ತೇನೆ. ಅಲ್ಲಿ ಜನ ಬಹಳ. ಆಮೆನ್ ಎಂದ ಕೂಡಲೇ ಬೆಂಚುಗಳೆಲ್ಲ ಒಟ್ಟಿಗೇ ಸದ್ದು ಮಾಡುತ್ತವೆ. ನಾನು ಮಾತ್ರ ನಾಲ್ಕು ಸೆಕೆಂಡು ನಿಂತಿರುತ್ತೇನೆ. ಕಳೆದ ಭಾನುವಾರ ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ಸೆರಗು ಎಳೆದು, “ಎಂತ, ಕಾಲು ಹಿಡ್ಕೊಂಡಿತಾ?” ಎಂದು ಕನಿಕರದಿಂದ ಕೇಳಿದರು.

“ಹೌದು,” ಎಂದೆ.

ಕೋಣೆಗೆ ಬಂದು ಹಳೆಯ ದಿನಚರಿಯ ಆ ಬೇರೆ ಹಾಳೆಯನ್ನು ತೆಗೆದು, ಹದಿನೈದು ಎಂದು ಬರೆದು ತಾರೀಕು ಹಾಕಿದೆ. ಆ ದಿನ ಚರ್ಚಿನಲ್ಲಿ ಎಷ್ಟು ಜನ ಇದ್ದರೆಂದು ಮಾತ್ರ ಕೇಳಬೇಡಿ. ನಾನು ಕಣ್ಣು ಮುಚ್ಚಿದ್ದೆ.